ತೇಪೆ ಬಂದ ದಿನವೇ ಕಳ್ಳನಿಗೂ ಸುದ್ದಿ ಮುಟ್ಟುತ್ತದೆ

2017ರ ಮಾರ್ಚ್ 14, ಮಂಗಳವಾರ. ಮೈಕ್ರೋಸಾಫ್ಟ್ ಕಂಪನಿ ಪ್ರತಿ ತಿಂಗಳಂತೆ ವಿಂಡೋಸ್‌ನ ಅಪ್‌ಡೇಟ್‌ಗಳನ್ನು ಬಿಡುಗಡೆ ಮಾಡಿತು. ಒಂದೇ ಜಾಲದಲ್ಲಿರುವ ಕಂಪ್ಯೂಟರ್‌ಗಳು ಫೈಲುಗಳನ್ನೂ ಪ್ರಿಂಟರನ್ನೂ ಹಂಚಿಕೊಳ್ಳಲು ಬಳಸುವ ಎಸ್‌ಎಂಬಿ ಎಂಬ ವ್ಯವಸ್ಥೆಯಲ್ಲಿದ್ದ ದೋಷಕ್ಕೆ ಹಾಕಿದ ತೇಪೆಯೂ ಅವುಗಳಲ್ಲಿತ್ತು. ಅದಕ್ಕೆ ಯಾರೂ ಹಣ ಕೊಡಬೇಕಿರಲಿಲ್ಲ, ಅಪ್‌ಡೇಟ್ ಆಗಲು ಬಿಟ್ಟು ಒಮ್ಮೆ ರೀಸ್ಟಾರ್ಟ್ ಮಾಡಿದ್ದರೆ ಸಾಕಿತ್ತು. ತಿಂಗಳ ನಂತರ, ಏಪ್ರಿಲ್ 14ರಂದು, ಇದೇ ದೋಷದ ಮೂಲಕ ಒಳನುಗ್ಗಲು ಅಮೆರಿಕದ ರಾಷ್ಟ್ರೀಯ ಭದ್ರತಾ ಸಂಸ್ಥೆ ರೂಪಿಸಿಕೊಂಡಿದ್ದ ‘ಎಟರ್ನಲ್‌ಬ್ಲೂ’ ಎಂಬ ಸಾಧನವನ್ನು ‘ಶ್ಯಾಡೋ ಬ್ರೋಕರ್ಸ್’ ಎಂಬ ಗುಂಪು ಬಹಿರಂಗವಾಗಿ ಹರಿಯಬಿಟ್ಟಿತು. ಮೇ 12ರಂದು, ಅಂದರೆ ತೇಪೆ ಕೈಗೆ ಸಿಕ್ಕ 59ನೇ ದಿನ, ವಾನಾಕ್ರೈ ದಾಳಿ ಶುರುವಾಯಿತು. ಕೆಲವೇ ದಿನಗಳಲ್ಲಿ ಸುಮಾರು 150 ದೇಶಗಳ ಎರಡು ಲಕ್ಷಕ್ಕೂ ಹೆಚ್ಚು ಕಂಪ್ಯೂಟರ್‌ಗಳ ಫೈಲುಗಳಿಗೆ ಬೀಗ ಬಿತ್ತು. ಬೀಗ ತೆಗೆಯಬೇಕಿದ್ದರೆ 300 ಡಾಲರ್ ಕೊಡಿ, ತಡ ಮಾಡಿದರೆ 600 ಎಂಬ ಬೆದರಿಕೆ ಪರದೆಯ ಮೇಲೆ ಮೂಡಿತು. ನಮ್ಮ ಪಕ್ಕದ ವಯನಾಡಿನ ಪಂಚಾಯತ್ ಕಚೇರಿಯ ಕಂಪ್ಯೂಟರ್‌ಗಳೂ ಆಂಧ್ರದ ಪೊಲೀಸ್ ಇಲಾಖೆಯ ಕಂಪ್ಯೂಟರ್‌ಗಳೂ ಅದಕ್ಕೆ ಸಿಕ್ಕಿಬಿದ್ದವು.

ಈ ದಾಳಿಯ ಬಗ್ಗೆ ವಿವರವಾದ ಲೆಕ್ಕ ಇಟ್ಟದ್ದು ಬ್ರಿಟನ್. ಇಂಗ್ಲೆಂಡಿನ ಸರ್ಕಾರಿ ಆರೋಗ್ಯ ಸೇವೆಯ 236 ಆಸ್ಪತ್ರೆ ಸಮೂಹಗಳಲ್ಲಿ ಸುಮಾರು 80ಕ್ಕೆ ತೊಂದರೆಯಾಯಿತು. ರದ್ದಾದ ತಪಾಸಣೆ, ಶಸ್ತ್ರಚಿಕಿತ್ಸೆಗಳ ಸಂಖ್ಯೆ 19 ಸಾವಿರ ದಾಟಿರಬಹುದೆಂದು ಅಂದಾಜಿಸಲಾಯಿತು. ಹಳೇ ಕಾಲದ ವಿಂಡೋಸ್ ಎಕ್ಸ್‌ಪಿ ಇಟ್ಟುಕೊಂಡಿದ್ದೇ ಇದಕ್ಕೆಲ್ಲ ಕಾರಣವೆಂದು ಆಗ ಎಲ್ಲೆಡೆ ಮಾತಾಯಿತು. ಬ್ರಿಟನ್ನಿನ ಲೆಕ್ಕಪರಿಶೋಧನಾ ಕಚೇರಿ ಅದೇ ವರ್ಷ ಅಕ್ಟೋಬರ್‌ನಲ್ಲಿ ಕೊಟ್ಟ ವರದಿಯಲ್ಲಿ ಕಂಡ ಸಂಗತಿ ಬೇರೆ. ಸೋಂಕು ತಗುಲಿದ ಬಹುಪಾಲು ಯಂತ್ರಗಳಲ್ಲಿ ಇದ್ದದ್ದು ವಿಂಡೋಸ್ 7. ಅದಕ್ಕೆ ಮಾರ್ಚ್‌ನಲ್ಲೇ ತೇಪೆ ಬಂದಿತ್ತು, ಹಾಕಿಕೊಳ್ಳಿ ಎಂಬ ಎಚ್ಚರಿಕೆಯೂ ಮಾರ್ಚ್ ಮತ್ತು ಏಪ್ರಿಲ್‌ನಲ್ಲಿ ಹೋಗಿತ್ತು. ಔಷಧ ಮನೆಯಲ್ಲೇ ಇತ್ತು, ಯಾರೂ ಕುಡಿದಿರಲಿಲ್ಲ.

ಅಪ್‌ಡೇಟ್ ಬಗ್ಗೆ ನಮ್ಮ ಮನೆಗಳಲ್ಲಿ ಬೇರೂರಿರುವ ಒಂದು ತಪ್ಪು ತಿಳಿವಳಿಕೆಯನ್ನು ತಿದ್ದಬೇಕೆಂಬುದೇ ಈ ಬರಹದ ಉದ್ದೇಶ. ‘ಈಗ ಬೇಡ, ಆಮೇಲೆ’ ಎಂದು ಒತ್ತಿದರೆ ಕಂಪ್ಯೂಟರ್ ನಿನ್ನೆ ಇದ್ದಷ್ಟೇ ಸುರಕ್ಷಿತವಾಗಿ ಇಂದೂ ಇರುತ್ತದೆ ಎಂದು ನಾವು ಭಾವಿಸಿದ್ದೇವೆ. ಹಾಗಿರುವುದಿಲ್ಲ. ತೇಪೆ ಬಿಡುಗಡೆಯಾದ ಗಳಿಗೆಯಿಂದ, ಅದನ್ನು ಹಾಕಿಕೊಳ್ಳದ ಕಂಪ್ಯೂಟರ್ ನಿನ್ನೆಗಿಂತ ಹೆಚ್ಚು ಅಪಾಯದಲ್ಲಿರುತ್ತದೆ.

ಕಾರಣ ಸರಳ. ತೇಪೆ ಎನ್ನುವುದು ಗುಟ್ಟಾಗಿ ಬರುವ ವಸ್ತುವಲ್ಲ. ಅದು ಲೋಕದ ಎಲ್ಲ ಕಂಪ್ಯೂಟರ್‌ಗಳಿಗೂ ಒಟ್ಟಿಗೇ ಹೋಗುತ್ತದೆ, ಕಳ್ಳರ ಕಂಪ್ಯೂಟರಿಗೂ ಹೋಗುತ್ತದೆ. ಅವರು ಮಾಡುವುದಿಷ್ಟು: ತಿದ್ದುವ ಮೊದಲಿನ ಪ್ರೋಗ್ರಾಂ ಫೈಲನ್ನೂ ತಿದ್ದಿದ ನಂತರದ ಫೈಲನ್ನೂ ಅಕ್ಕಪಕ್ಕ ಇಟ್ಟು ಎಲ್ಲಿ ವ್ಯತ್ಯಾಸವಾಗಿದೆ ಎಂದು ಹುಡುಕುತ್ತಾರೆ. ಹಳೆಯದರಲ್ಲಿ ಹೊರಗಿನಿಂದ ಬಂದ ಮಾಹಿತಿಯ ಉದ್ದವನ್ನು ಅಳೆಯದೆ ಒಳಗೆ ಬಿಟ್ಟುಕೊಳ್ಳುತ್ತಿದ್ದ ಜಾಗದಲ್ಲಿ ಹೊಸದು ಅಳತೆ ಮಾಡುತ್ತಿದ್ದರೆ ದೋಷ ಅಲ್ಲೇ ಇತ್ತು ಎಂದಾಯಿತು. ಗೋಡೆಯ ಯಾವ ಮೂಲೆಗೆ ಹೊಸ ಗಾರೆ ಮೆತ್ತಿದ್ದಾರೆಂದು ಗೊತ್ತಾದರೆ, ಗಾರೆ ಮೆತ್ತದ ಪಕ್ಕದ ಮನೆಗಳಿಗೆ ಎಲ್ಲಿ ಕನ್ನ ಕೊರೆಯಬೇಕೆಂದೂ ಗೊತ್ತಾಗುತ್ತದೆ. ಹಾಗೆಂದು ತೇಪೆಯನ್ನೇ ಬಿಡುಗಡೆ ಮಾಡದಿರಲು ಆಗುವುದಿಲ್ಲ. ಆದ್ದರಿಂದ ಇದು ಒಂದು ಓಟ; ಕಳ್ಳ ಕನ್ನಗತ್ತರಿ ಮಾಡಿಕೊಳ್ಳುವ ಮೊದಲು ನಾವು ಗಾರೆ ಮೆತ್ತಿಕೊಂಡಿರಬೇಕು. ಹಿಂದಿನ ದೊಡ್ಡ ದಾಳಿಗಳ ದಿನಾಂಕಗಳನ್ನು ನೋಡಿ. 2003ರ ಜನವರಿ 25ರಂದು ಹತ್ತು ನಿಮಿಷದೊಳಗೆ ಜಗತ್ತನ್ನು ಸುತ್ತಿದ ‘ಸ್ಲ್ಯಾಮರ್’ ಹುಳುವಿಗೆ ತೇಪೆ ಬಂದದ್ದು ಆರು ತಿಂಗಳು ಮೊದಲು, 2002ರ ಜುಲೈನಲ್ಲಿ. 2003ರ ಆಗಸ್ಟ್ 11ರಂದು ಮನೆಮನೆಯ ಕಂಪ್ಯೂಟರ್‌ಗಳನ್ನು ಮತ್ತೆ ಮತ್ತೆ ರೀಸ್ಟಾರ್ಟ್ ಮಾಡಿಸಿದ ‘ಬ್ಲಾಸ್ಟರ್’ಗೆ ತೇಪೆ ಬಂದದ್ದು ಜುಲೈ 16ಕ್ಕೆ. 2008ರ ನವೆಂಬರ್‌ನಲ್ಲಿ ಹಬ್ಬಿದ ‘ಕಾನ್‌ಫಿಕರ್’ಗೆ ಅಕ್ಟೋಬರ್ 23ರಂದೇ ಮದ್ದು ಸಿದ್ಧವಿತ್ತು. ಕೋಟೆ ಬಾಗಿಲಿಗೆ ಹಾಕುವ ಅಗುಳಿ ಪ್ರತಿ ಸಲವೂ ಮುಂಚಿತವಾಗಿಯೇ ಬಂದಿತ್ತು. ಊರು ಕೊಳ್ಳೆಹೋದ ಮೇಲೆ ಅದನ್ನು ಹಾಕಿಕೊಂಡೆವು.

ತೇಪೆಯೇ ಇಲ್ಲದ, ತಯಾರಕರಿಗೂ ತಿಳಿಯದ ದೋಷಗಳ ಮೂಲಕ ದಾಳಿ ನಡೆಯುವುದಿಲ್ಲವೇ ಎಂದು ಕೇಳಬಹುದು. ನಡೆಯುತ್ತದೆ. 2010ರಲ್ಲಿ ಬೆಳಕಿಗೆ ಬಂದ, ಇರಾನಿನ ಅಣು ಸ್ಥಾವರದ ಯಂತ್ರಗಳನ್ನು ಗುರಿಯಾಗಿಸಿಕೊಂಡಿದ್ದ ‘ಸ್ಟಕ್ಸ್‌ನೆಟ್’ ಅಂಥ ನಾಲ್ಕು ದೋಷಗಳನ್ನು ಬಳಸಿತ್ತು. ಆದರೆ ಯಾರಿಗೂ ತಿಳಿಯದ ದೋಷವೆಂದರೆ ಕಳ್ಳಸಂತೆಯಲ್ಲಿ ಭಾರಿ ಬೆಲೆಯ ಸರಕು. ಒಮ್ಮೆ ಬಳಸಿ ಸಿಕ್ಕಿಬಿದ್ದರೆ ಅದರ ಬೆಲೆ ಇಳಿದುಹೋಗುತ್ತದೆ. ಅದನ್ನು ಬಚ್ಚಿಟ್ಟುಕೊಂಡವರು ರಾಯಭಾರ ಕಚೇರಿ, ಪತ್ರಕರ್ತ, ಅಣು ಸ್ಥಾವರಗಳಂಥ ಆಯ್ದ ಗುರಿಗಳಿಗೆ ಬಳಸುತ್ತಾರೆ. ದಾವಣಗೆರೆಯ ಒಂದು ಮನೆಯ ಹಾಲ್‌ನಲ್ಲಿರುವ ಕಂಪ್ಯೂಟರಿಗೆ ಅಷ್ಟು ಖರ್ಚು ಮಾಡುವ ಅಗತ್ಯವೇ ಅವರಿಗಿಲ್ಲ. ಅದರ ಮೇಲೆ ಬೀಳುವುದು ಎಲ್ಲರಿಗೂ ಗೊತ್ತಿರುವ, ತೇಪೆ ಬಂದು ತಿಂಗಳುಗಳಾದ, ಬಿಟ್ಟಿ ಸಿಗುವ ದಾಳಿ. ಅದನ್ನು ತಡೆಯುವುದು ಪೂರ್ತಿ ನಮ್ಮ ಕೈಯಲ್ಲಿದೆ.

ನನ್ನ ಕಂಪ್ಯೂಟರಿನಲ್ಲಿ ಕದಿಯುವಂಥದ್ದು ಏನಿದೆ ಎಂಬುದು ಇನ್ನೊಂದು ಮಾತು. ಮಗಳ ಮದುವೆಯ ಫೋಟೋಗಳು, ಆಧಾರ್ ಮತ್ತು ಪ್ಯಾನ್ ಕಾರ್ಡಿನ ಸ್ಕ್ಯಾನ್, ಹೊಲದ ಪಹಣಿ, ಸೈಟಿನ ಕ್ರಯಪತ್ರ, ಮಕ್ಕಳ ಅಂಕಪಟ್ಟಿ, ಬ್ರೌಸರಿನಲ್ಲಿ ಉಳಿಸಿಟ್ಟ ಪಾಸ್‌ವರ್ಡುಗಳು ಇಂದು ಎಲ್ಲ ಮನೆಯ ಕಂಪ್ಯೂಟರಿನಲ್ಲೂ ಇವೆ. ಎಲ್ಲಕ್ಕೂ ಒಟಿಪಿ ಬೇಕಲ್ಲ, ಪಾಸ್‌ವರ್ಡ್ ಹೋದರೇನು ಎಂದು ನೆಮ್ಮದಿಯಾಗಿರುವವರು ಒಂದು ವಿಷಯ ತಿಳಿದಿರಬೇಕು. ನಾವು ಒಮ್ಮೆ ಜಿಮೇಲ್‌ಗೆ ಲಾಗಿನ್ ಆದ ಮೇಲೆ ಪ್ರತಿ ಸಲ ಪಾಸ್‌ವರ್ಡ್ ಕೇಳುವುದಿಲ್ಲ. ‘ಇವರು ಆಗಲೇ ಪರಿಚಯ ಹೇಳಿಕೊಂಡವರು’ ಎಂದು ತೋರಿಸುವ ಕುಕಿ ಎಂಬ ಪುಟ್ಟ ಗುರುತು ಚೀಟಿ ಬ್ರೌಸರಿನಲ್ಲಿ ಉಳಿದಿರುವುದೇ ಇದಕ್ಕೆ ಕಾರಣ. ಇಂದಿನ ಮಾಹಿತಿಗಳ್ಳ ತಂತ್ರಾಂಶಗಳು ಹೊತ್ತೊಯ್ಯುವುದು ಆ ಚೀಟಿಯನ್ನೇ. ಅದು ಕೈಗೆ ಬಂದರೆ ಪಾಸ್‌ವರ್ಡೂ ಬೇಡ, ಒಟಿಪಿಯೂ ಬೇಡ. ಇಮೇಲ್ ಒಬ್ಬರ ಕೈಸೇರಿದರೆ ಅದರ ಮೂಲಕ ಬೇರೆ ಖಾತೆಗಳ ಪಾಸ್‌ವರ್ಡನ್ನು ಬದಲಾಯಿಸಿಕೊಳ್ಳುವುದೂ ಸುಲಭ. ಇನ್ನು, ಕದಿಯಲು ನಿಜಕ್ಕೂ ಏನೂ ಇಲ್ಲದ ಕಂಪ್ಯೂಟರ್ ಕೂಡ ಕಳ್ಳರಿಗೆ ಬೇಕು. ಅದರ ಇಂಟರ್‌ನೆಟ್ ಸಂಪರ್ಕ, ಅದರ ವಿಳಾಸ ಅವರಿಗೆ ದುಡಿಯುವ ಆಳು. 2016ರ ಅಕ್ಟೋಬರ್ 21ರಂದು ಟ್ವಿಟರ್, ನೆಟ್‌ಫ್ಲಿಕ್ಸ್‌ನಂಥ ತಾಣಗಳು ಹಲವೆಡೆ ಗಂಟೆಗಟ್ಟಲೆ ತೆರೆಯದಂತೆ ಮಾಡಿದ್ದು ‘ಮಿರಾಯ್’ ಎಂಬ ಪಡೆ. ಅದರಲ್ಲಿದ್ದ ಸೈನಿಕರು ಬೇರೆ ಬೇರೆ ದೇಶದ ಮನೆಗಳ ರೂಟರ್‌ಗಳು ಮತ್ತು ಕ್ಯಾಮೆರಾಗಳು. ಯಜಮಾನರಿಗೆ ಅದರ ಸುಳಿವೇ ಇರಲಿಲ್ಲ. ನಮ್ಮ ಓಣಿಯ ಬಾವಿಯನ್ನು ಶುಚಿಯಾಗಿಡುವುದು ಹೇಗೆ ನಮ್ಮೊಬ್ಬರ ಮನೆಯ ವಿಷಯವಲ್ಲವೋ ಇದೂ ಹಾಗೆಯೇ.

ಅಪ್‌ಡೇಟ್ ಮಾಡಿದರೆ ಕಂಪ್ಯೂಟರ್ ಕೆಡುತ್ತದೆ ಎಂಬ ಆಕ್ಷೇಪವನ್ನು ಹಗುರವಾಗಿ ತಳ್ಳಿಹಾಕಲಾಗದು. ಅದಕ್ಕೆ ಆಧಾರವಿದೆ. 2018ರ ಅಕ್ಟೋಬರ್‌ನಲ್ಲಿ ವಿಂಡೋಸ್ 10ಕ್ಕೆ ಬಂದ ದೊಡ್ಡ ಅಪ್‌ಡೇಟ್ ಕೆಲವು ಬಳಕೆದಾರರ ಸ್ವಂತ ಫೈಲುಗಳನ್ನೇ ಅಳಿಸಿಹಾಕಿತು, ಮೈಕ್ರೋಸಾಫ್ಟ್ ಅದರ ವಿತರಣೆಯನ್ನು ದಿನಗಳೊಳಗೆ ನಿಲ್ಲಿಸಬೇಕಾಯಿತು. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಕಂಪನಿಯ ಒಂದು ತಪ್ಪು ಅಪ್‌ಡೇಟ್ 85 ಲಕ್ಷ ವಿಂಡೋಸ್ ಯಂತ್ರಗಳನ್ನು ನೀಲಿ ಪರದೆಗೆ ತಂದು ನಿಲ್ಲಿಸಿತು. ನಮ್ಮ ವಿಮಾನ ನಿಲ್ದಾಣಗಳಲ್ಲಿ ಕೈಬರಹದ ಬೋರ್ಡಿಂಗ್ ಪಾಸ್ ಕೊಟ್ಟದ್ದು ಎಲ್ಲರಿಗೂ ನೆನಪಿದೆ. ಇದಕ್ಕಿಂತ ಗಂಭೀರವಾದ ಉದಾಹರಣೆಯೂ ಇದೆ. 2017ರ ಜೂನ್ 27ರ ‘ನಾಟ್‌ಪೆಟ್ಯಾ’ ದಾಳಿ ಶುರುವಾದದ್ದೇ ಉಕ್ರೇನಿನ ಒಂದು ಲೆಕ್ಕಪತ್ರ ತಂತ್ರಾಂಶದ ಅಪ್‌ಡೇಟ್ ಮೂಲಕ. ಅದರ ಹೊಡೆತಕ್ಕೆ ಮುಂಬೈ ಬಳಿಯ ಜವಾಹರಲಾಲ್ ನೆಹರೂ ಬಂದರಿನ ಒಂದು ಟರ್ಮಿನಲ್‌ನ ಕೆಲಸವೂ ಸ್ಥಗಿತವಾಯಿತು.

ಈ ಮೂರನ್ನೂ ಒಪ್ಪಿಕೊಂಡು ತೂಗಿ ನೋಡೋಣ. ಕ್ರೌಡ್‌ಸ್ಟ್ರೈಕ್ ಮಾರುವುದು ಸಂಸ್ಥೆಗಳು ಕೊಳ್ಳುವ ಭದ್ರತಾ ತಂತ್ರಾಂಶ, ಅಂದು ಕೆಟ್ಟವು ಕಚೇರಿಗಳ ಯಂತ್ರಗಳೇ ಹೊರತು ಮನೆಯವಲ್ಲ. ನಾಟ್‌ಪೆಟ್ಯಾ ಒಳಬಂದದ್ದು ಒಂದು ಅಪ್‌ಡೇಟ್‌ನಿಂದ ನಿಜ. ಆದರೆ ಒಳಬಂದ ಮೇಲೆ ಅದು ಒಂದು ಯಂತ್ರದಿಂದ ಇನ್ನೊಂದಕ್ಕೆ ಹಬ್ಬಲು ಬಳಸಿದ ದಾರಿಗಳಲ್ಲಿ ಅದೇ ಎಟರ್ನಲ್‌ಬ್ಲೂ ಇತ್ತು. ವಾನಾಕ್ರೈ ಆಗಿ ಆರು ವಾರ ಕಳೆದಿದ್ದರೂ ತೇಪೆ ಹಾಕದ ಯಂತ್ರಗಳು ಇನ್ನೂ ಉಳಿದಿದ್ದವು. 2018ರ ಪ್ರಕರಣ ಮಾತ್ರ ನೇರವಾಗಿ ಮನೆಗೆ ಸಂಬಂಧಿಸಿದ್ದು. ಅದರಿಂದ ಕಲಿಯಬೇಕಾದ ಪಾಠ ಎರಡು. ಒಂದು, ಮುಖ್ಯವಾದ ಫೈಲುಗಳ ಇನ್ನೊಂದು ಪ್ರತಿ ಬೇರೆ ಕಡೆ ಇರಬೇಕು. ಹೊರಗಿನ ಹಾರ್ಡ್‌ಡಿಸ್ಕಿಗೆ ಪ್ರತಿ ಮಾಡಿ, ವೈರ್ ಕಿತ್ತು ಕಪಾಟಿನಲ್ಲಿಟ್ಟರೆ ಕೆಟ್ಟ ಅಪ್‌ಡೇಟ್, ಒತ್ತೆಹಣದ ವೈರಸ್, ಸಿಡಿಲು ಮೂರಕ್ಕೂ ಅದೇ ಉತ್ತರ. ಎರಡು, ವರ್ಷಕ್ಕೊಮ್ಮೆ ಬರುವ, ವಿಂಡೋಸ್‌ನ ರೂಪವನ್ನೇ ಬದಲಿಸುವ ಅಪ್‌ಡೇಟ್ ಬೇರೆ. ತಿಂಗಳ ಎರಡನೇ ಮಂಗಳವಾರ ಬರುವ ಭದ್ರತಾ ಅಪ್‌ಡೇಟ್ ಬೇರೆ. ಮೊದಲನೆಯದಕ್ಕೆ ಕೆಲವು ವಾರ ಕಾಯುವುದು ವಿವೇಕ. ಎರಡನೆಯದನ್ನು ಮೂರು ನಾಲ್ಕು ದಿನಕ್ಕಿಂತ ಹೆಚ್ಚು ಮುಂದೂಡಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಜನ ಅಪ್‌ಡೇಟ್ ಎಂದರೆ ಮುಖ ಸಿಂಡರಿಸುವುದಕ್ಕೆ ಕಂಪನಿಗಳೇ ಕಾರಣವೆಂಬುದನ್ನೂ ಹೇಳಲೇಬೇಕು. 2016ರಲ್ಲಿ ‘ವಿಂಡೋಸ್ 10ಕ್ಕೆ ಬದಲಿಸಿಕೊಳ್ಳಿ’ ಎಂದು ಕೇಳುವ ಸೂಚನೆಯನ್ನು ಮೂಲೆಯ ಗುಣಿಸು ಗುರುತು ಒತ್ತಿ ಮುಚ್ಚಿದರೂ ಅದನ್ನು ಒಪ್ಪಿಗೆ ಎಂದೇ ಮೈಕ್ರೋಸಾಫ್ಟ್ ಎಣಿಸಿತು. 2017ರ ಡಿಸೆಂಬರಿನಲ್ಲಿ ಆಪಲ್, ಬ್ಯಾಟರಿ ಹಳೆಯದಾದ ಐಫೋನ್‌ಗಳ ವೇಗವನ್ನು ಅಪ್‌ಡೇಟ್ ಮೂಲಕ ತಗ್ಗಿಸಿದ್ದನ್ನು ಒಪ್ಪಿಕೊಂಡಿತು. ಮರುವರ್ಷ ಇಟಲಿಯ ಸ್ಪರ್ಧಾ ಪ್ರಾಧಿಕಾರ ಆಪಲ್‌ಗೂ ಸ್ಯಾಮ್‌ಸಂಗ್‌ಗೂ ಅಪ್‌ಡೇಟ್ ವಿಷಯದಲ್ಲೇ ದಂಡ ಹಾಕಿತು. 2024ರಲ್ಲಿ ವಿಂಡೋಸ್ 11ರ ಸ್ಟಾರ್ಟ್ ಮೆನುವಿಗೆ ಆ್ಯಪ್‌ಗಳ ಜಾಹೀರಾತು ಬಂದದ್ದೂ ಅಪ್‌ಡೇಟ್ ಹಾದಿಯಲ್ಲೇ. ಪ್ರಾಣ ಉಳಿಸುವ ಲಸಿಕೆ ತರುವ ಗಾಡಿಯಲ್ಲೇ ಬೇಡದ ಸಾಮಾನು ತುಂಬಿ ಕಳಿಸಿದರೆ ಜನ ಗಾಡಿ ಬರುತ್ತಲೇ ಬಾಗಿಲು ಮುಚ್ಚುತ್ತಾರೆ. ಇದು ವಿಶ್ವಾಸದ್ರೋಹ, ಇದನ್ನು ಪ್ರಶ್ನಿಸಲೇಬೇಕು. ಆದರೆ ಪ್ರಶ್ನಿಸುವ ರೀತಿ ಭದ್ರತಾ ಅಪ್‌ಡೇಟನ್ನೇ ನಿಲ್ಲಿಸಿ ಕೂರುವುದಲ್ಲ. ನೆಗಡಿಯಾಯಿತೆಂದು ಮೂಗು ಕೊಯ್ದುಕೊಂಡರೆ ನೋವು ನಮಗೆ, ಕಂಪನಿಗಲ್ಲ.

ಆಂಟಿವೈರಸ್ ಹಾಕಿಸಿದ್ದೇವಲ್ಲ ಎನ್ನುವವರಿಗೆ ಒಂದೇ ಮಾತು: ವಾನಾಕ್ರೈ ಒಳಬರಲು ಯಾರೂ ಯಾವ ಲಿಂಕನ್ನೂ ಒತ್ತಬೇಕಿರಲಿಲ್ಲ. ಕಾವಲುಗಾರನನ್ನು ಇಟ್ಟುಕೊಂಡ ಮಾತ್ರಕ್ಕೆ ಗೋಡೆಯ ಕಿಂಡಿ ಮುಚ್ಚುವುದಿಲ್ಲ. ಇನ್ನು ವಿಂಡೋಸ್ ಒಂದನ್ನೇ ಅಪ್‌ಡೇಟ್ ಮಾಡಿ ಮಿಕ್ಕದ್ದನ್ನು ಮರೆಯುವುದೂ ಸಾಮಾನ್ಯ. ನಮ್ಮ ಮನೆಗಳಲ್ಲಿ ಹೆಚ್ಚುಕಡಿಮೆ ಎಲ್ಲ ಕಂಪ್ಯೂಟರಿನಲ್ಲೂ ಕಾಣುವ ವಿನ್‌ರಾರ್ ಅನ್ನೇ ನೋಡಿ. 2019ರಲ್ಲಿ ಅದರೊಳಗೆ ಸಿಕ್ಕ ದೋಷಕ್ಕೆ ಆಗಲೇ 19 ವರ್ಷ ವಯಸ್ಸಾಗಿತ್ತು. ಮೋಸದ ಫೈಲೊಂದನ್ನು ಬಿಡಿಸಿದರೆ ಸಾಕು, ಕಂಪ್ಯೂಟರ್ ಆನ್ ಆದಾಗಲೆಲ್ಲ ತಾನೇ ಓಡುವ ಜಾಗದಲ್ಲಿ ಕಳ್ಳ ಪ್ರೋಗ್ರಾಂ ಬಂದು ಕೂರುತ್ತಿತ್ತು. 2025ರ ಜುಲೈನಲ್ಲಿ ಹೆಚ್ಚುಕಡಿಮೆ ಅದೇ ಬಗೆಯ ಇನ್ನೊಂದು ದೋಷಕ್ಕೆ 7.13ನೇ ಆವೃತ್ತಿಯಲ್ಲಿ ತೇಪೆ ಹಾಕಿದರು. ಕ್ರೋಮ್, ಫೈರ್‌ಫಾಕ್ಸ್ ಬ್ರೌಸರ್‌ಗಳು ತಾವೇ ಅಪ್‌ಡೇಟ್ ಆಗುತ್ತವೆ, ಮುಚ್ಚಿ ತೆರೆದರಾಯಿತು. ವಿನ್‌ರಾರ್ ಹಾಗಲ್ಲ, ಅದರ ಅಧಿಕೃತ ತಾಣಕ್ಕೆ ಹೋಗಿ ನಾವೇ ಹೊಸದನ್ನು ತಂದು ಹಾಕಬೇಕು. ಬೇಡವಾಗಿದ್ದರೆ ತೆಗೆದುಹಾಕುವುದೇ ಉತ್ತಮ, ಏಕೆಂದರೆ ಇಲ್ಲದ ತಂತ್ರಾಂಶಕ್ಕೆ ದೋಷವೂ ಇರುವುದಿಲ್ಲ. ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ವೆಬ್ ಪುಟದ ನಡುವೆ ಧುತ್ತೆಂದು ಎದ್ದು ‘ನಿಮ್ಮ ಬ್ರೌಸರ್ ಹಳೆಯದಾಗಿದೆ, ಇಲ್ಲಿ ಒತ್ತಿ’ ಎನ್ನುವ ಸೂಚನೆ ಬಹುಪಾಲು ವಂಚನೆ. ಫೋನ್ ಮಾಡಿ ನಿಮ್ಮ ಕಂಪ್ಯೂಟರ್ ಅಪ್‌ಡೇಟ್ ಮಾಡಿಕೊಡುತ್ತೇವೆ ಎನ್ನುವವರೂ ವಂಚಕರೇ. ಅಪ್‌ಡೇಟ್ ಮಾಡುವುದಿದ್ದರೆ ಆ ತಂತ್ರಾಂಶದ ಸೆಟ್ಟಿಂಗ್ಸ್ ಒಳಗಿನಿಂದ ಅಥವಾ ಅದರ ಅಧಿಕೃತ ತಾಣದಿಂದ ಮಾಡಬೇಕು. ಮೋಸಹೋಗಿ ಹಣ ಕಳೆದುಕೊಂಡವರು ತಡಮಾಡದೆ 1930ಕ್ಕೆ ಕರೆ ಮಾಡಬೇಕು.

ನಮ್ಮ ನಾಡಿನ ಮನೆಗಳಿಗೆ ಅತಿ ಕಷ್ಟದ ಪ್ರಶ್ನೆ ಹಳೇ ಕಂಪ್ಯೂಟರಿನದು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಬೇಕೆಂದರೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು, ಇಂಟೆಲ್ ಆದರೆ ಬಹುಮಟ್ಟಿಗೆ ಎಂಟನೇ ಪೀಳಿಗೆಯ ಅಥವಾ ನಂತರದ ಪ್ರೊಸೆಸರ್ ಬೇಕು. ಚೆನ್ನಾಗಿಯೇ ಓಡುವ ಯಂತ್ರವನ್ನು ಹೀಗೆ ನಿವೃತ್ತಿಗೊಳಿಸುವುದು ಮಧ್ಯಮ ವರ್ಗದ ಮನೆಗೆ ದೊಡ್ಡ ಹೊರೆ, ಕಸದ ರಾಶಿಗೂ ಸೇರ್ಪಡೆ. ಹಾಗಿದ್ದೂ ದಾರಿಗಳಿವೆ. ಮನೆ ಬಳಕೆದಾರರಿಗೆ ಒಂದು ವರ್ಷದ ಹೆಚ್ಚುವರಿ ಭದ್ರತಾ ಅಪ್‌ಡೇಟ್ ಕೊಡುವುದಾಗಿ ಮೈಕ್ರೋಸಾಫ್ಟ್ ಘೋಷಿಸಿತು. ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆಗಿ ಸೆಟ್ಟಿಂಗ್ಸ್‌ಗಳನ್ನು ಅದರ ಜೊತೆ ಸಿಂಕ್ ಮಾಡಿದವರಿಗೆ ಅದು ಉಚಿತ. ಅದರ ಗಡುವು 2026ರ ಅಕ್ಟೋಬರ್ 13 ಎಂದು ಹೇಳಿತು. ಇದಲ್ಲದೆ, ವಿಂಡೋಸ್ ಬದಲು ಹಾಕಿಕೊಳ್ಳಬಹುದಾದ ಲಿನಕ್ಸ್ ಮಿಂಟ್, ಉಬುಂಟು ಇವೆ. ಹಳೇ ಯಂತ್ರದಲ್ಲೂ ಓಡುತ್ತವೆ, ಉಚಿತ, ವರ್ಷಗಟ್ಟಲೆ ಭದ್ರತಾ ಅಪ್‌ಡೇಟ್ ಬರುತ್ತದೆ. ಪತ್ರ ಬರೆಯಲು ಲಿಬ್ರೆಆಫೀಸ್ ಕನ್ನಡದ ಮೆನುವಿನೊಂದಿಗೇ ಸಿಗುತ್ತದೆ. ಕಂಪ್ಯೂಟರ್ ಜೋಡಿಸಿಕೊಡುವಾಗ ಕ್ರ್ಯಾಕ್ ಮಾಡಿದ ವಿಂಡೋಸ್ ಹಾಕಿ, ಅಪ್‌ಡೇಟ್ ಆಫ್ ಮಾಡಿ ಕೊಡುವ ರೂಢಿ ನಮ್ಮಲ್ಲಿದೆ. ಅಂಥ ಯಂತ್ರ ಇರುವವರಿಗಂತೂ ಕದ್ದ ವಿಂಡೋಸ್‌ಗಿಂತ ಈ ಉಚಿತ ವ್ಯವಸ್ಥೆಗಳೇ ಸಾವಿರ ಪಾಲು ಲೇಸು. ಹಳೇ ನುಡಿ, ಬರಹ, ಶ್ರೀಲಿಪಿ ಫಾಂಟುಗಳಲ್ಲಿ ಪೇಜ್‌ಮೇಕರ್ ಕೆಲಸ ಮಾಡುವವರು ಹೊಸ ವಿಂಡೋಸ್‌ಗೆ ಹೆದರುವುದು ಸಹಜ, ಅವರ ಅನ್ನ ಅದರಲ್ಲಿದೆ. ಅವರಿಗೆ ನನ್ನ ಸಲಹೆ: ಆ ಯಂತ್ರದ ಇಂಟರ್‌ನೆಟ್ ವೈರನ್ನು ಕಿತ್ತು ಟೈಪಿಂಗಿಗೆ ಮಾತ್ರ ಇಟ್ಟುಕೊಳ್ಳಿ, ಹಳೆಯ ಬರಹಗಳನ್ನು ನಿಧಾನವಾಗಿ ಯೂನಿಕೋಡ್‌ಗೆ ಬದಲಿಸಿಕೊಳ್ಳಿ. ಮೊಬೈಲ್ ಹಾಟ್‌ಸ್ಪಾಟ್ ನೆಚ್ಚಿಕೊಂಡ ಹಳ್ಳಿಯ ಮನೆಗಳಲ್ಲಿ ಡೇಟಾ ಖರ್ಚೂ ನಿಜವಾದ ಅಡ್ಡಿ. ಅಲ್ಲಿ ಎಲ್ಲವನ್ನೂ ಇಳಿಸಿಕೊಳ್ಳಲು ಆಗದಿದ್ದರೆ ಬ್ರೌಸರ್ ಮತ್ತು ವಿಂಡೋಸ್‌ನ ಭದ್ರತಾ ಅಪ್‌ಡೇಟ್ ಎರಡನ್ನಾದರೂ ಬಿಡಬಾರದು.

ಇಷ್ಟೆಲ್ಲ ಹೊಣೆಯನ್ನು ಬಳಕೆದಾರರ ಹೆಗಲ ಮೇಲೆ ಹೊರಿಸಿ ಸುಮ್ಮನಾಗುವುದು ನ್ಯಾಯವಲ್ಲ. ಯುರೋಪಿನ ಒಕ್ಕೂಟದ ‘ಸೈಬರ್ ರೆಸಿಲಿಯೆನ್ಸ್ ಆ್ಯಕ್ಟ್’ 2024ರ ಡಿಸೆಂಬರಿನಲ್ಲಿ ಜಾರಿಗೆ ಬಂತು. ಅದರ ಮುಖ್ಯ ಕಟ್ಟಳೆಗಳು 2027ರ ಡಿಸೆಂಬರ್ 11ರಿಂದ ಅನ್ವಯವಾಗುತ್ತವೆ. ತಯಾರಕರು ಸಾಮಾನ್ಯವಾಗಿ ಕನಿಷ್ಠ ಐದು ವರ್ಷ ಭದ್ರತಾ ಬೆಂಬಲ ಕೊಡಬೇಕು, ತಾಂತ್ರಿಕವಾಗಿ ಸಾಧ್ಯವಿರುವಲ್ಲಿ ಭದ್ರತಾ ಅಪ್‌ಡೇಟನ್ನು ಹೊಸ ಸೌಲಭ್ಯಗಳ ಅಪ್‌ಡೇಟಿನಿಂದ ಬೇರೆಯಾಗಿಯೇ ಕೊಡಬೇಕು ಎಂದು ಅದು ಹೇಳುತ್ತದೆ. ಫೋನ್, ರೂಟರ್, ಕ್ಯಾಮೆರಾ ಮಾರುವವರು ಎಷ್ಟು ಕಾಲ ಭದ್ರತಾ ಅಪ್‌ಡೇಟ್ ಕೊಡುತ್ತೇವೆಂದು ಮೊದಲೇ ಪ್ರಕಟಿಸಬೇಕೆಂಬ ಕಾನೂನು ಬ್ರಿಟನ್ನಿನಲ್ಲಿ 2024ರ ಏಪ್ರಿಲ್ 29ರಿಂದಲೇ ಇದೆ. ಅಕ್ಕಿ ಹಿಟ್ಟಿನ ಪೊಟ್ಟಣದ ಮೇಲೂ ಬಳಕೆಯ ಕೊನೆಯ ದಿನಾಂಕ ಮುದ್ರಿಸಬೇಕೆನ್ನುವ ನಮ್ಮ ದೇಶದಲ್ಲಿ ಐವತ್ತು ಸಾವಿರ ರೂಪಾಯಿಯ ಲ್ಯಾಪ್‌ಟಾಪಿನ ಡಬ್ಬಿಯ ಮೇಲೆ ಅಪ್‌ಡೇಟ್ ನಿಲ್ಲುವ ದಿನಾಂಕ ಏಕಿರಬಾರದು? ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ಇದನ್ನು ಕಡ್ಡಾಯ ಮಾಡಬೇಕು. ಆ ಎಚ್ಚರಿಕೆ ಕನ್ನಡದಲ್ಲೂ ಇರಬೇಕು.

ಕಾನೂನು ಬರುವವರೆಗೆ ಮಾಡಬೇಕಾದ ಒಂದು ಕೆಲಸ ಬೆಂಗಳೂರಿನಲ್ಲೋ ಹೊರದೇಶದಲ್ಲೋ ಇರುವ ಮಕ್ಕಳ ಪಾಲಿಗೆ ಬರುತ್ತದೆ. ಊರಿನಲ್ಲಿರುವ ಅಪ್ಪ ಅಮ್ಮನಿಗೆ ಕಂಪ್ಯೂಟರ್ ಕೊಡಿಸಿದವರು ನೀವು, ವಿಡಿಯೋ ಕಾಲ್ ಮಾಡುವುದನ್ನು ಕಲಿಸಿದವರೂ ನೀವೇ. ಪರದೆಯ ಮೇಲೆ ಅಪ್‌ಡೇಟ್ ಸೂಚನೆ ಬಂದಾಗ ಏನಾದರೂ ಕೆಟ್ಟೀತೆಂದು ಹೆದರಿ ಅವರು ಮುಟ್ಟದೆ ಬಿಡುತ್ತಿರಬಹುದು. ಮುಂದಿನ ಹಬ್ಬಕ್ಕೆ ಊರಿಗೆ ಹೋದಾಗ ಒಂದು ಗಂಟೆ ಆ ಕಂಪ್ಯೂಟರಿನ ಮುಂದೆ ಕುಳಿತುಕೊಳ್ಳಿ. ವಿಂಡೋಸ್ ಯಾವುದು, ಕೊನೆಯ ಅಪ್‌ಡೇಟ್ ಯಾವಾಗ ಆಗಿದೆ ಎಂದು ನೋಡಿ. ಬಾಕಿ ಇರುವುದನ್ನೆಲ್ಲ ಹಾಕಿ, ಬೇಡದ ತಂತ್ರಾಂಶ ತೆಗೆಯಿರಿ, ರೂಟರಿನ ಪಾಸ್‌ವರ್ಡ್ ಬದಲಿಸಿ, ಫೋಟೋಗಳನ್ನು ಹಾರ್ಡ್‌ಡಿಸ್ಕಿಗೆ ಪ್ರತಿ ಮಾಡಿಡಿ. ಯಾವ ಸೂಚನೆಗೆ ‘ಸರಿ’ ಎನ್ನಬೇಕು, ಯಾವುದಕ್ಕೆ ಅನ್ನಬಾರದು ಎಂಬುದನ್ನು ಒಂದು ಹಾಳೆಯಲ್ಲಿ ಕನ್ನಡದಲ್ಲಿ ಬರೆದು ಕಂಪ್ಯೂಟರಿನ ಪಕ್ಕದ ಗೋಡೆಗೆ ಅಂಟಿಸಿ ಬನ್ನಿ.